ಡಿಗ್ರಿ ಬಾರದ ಫೋಟೋಗಳು

ಮಾಲತೇಶನಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಅವನು ತೆಗೆದ ಫೋಟೋ ನೋಡಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಇದು ಇಂಥ ಕಡೆ ಸರಿಯಿಲ್ಲ ಎಂದು ಹೇಳಬೇಕಿತ್ತು. ತೊಗರ್ಸಿ ಕಡೆಯ ಆ ಸಣ್ಣ ಊರಿನಲ್ಲಿ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವನಿಗೆ ಸಿಗುತ್ತಿತ್ತು.

ಅವನು ಹಾಲಿನ ಡೇರಿಯ ಸೆಕ್ರೆಟರಿ. ಹದಿನೆಂಟು ವರ್ಷದಿಂದ ಬೆಳಗ್ಗೆ, ಸಂಜೆ ಎರಡು ಹೊತ್ತೂ ಕಿಟಕಿಯ ಹಿಂದೆ ಕೂತು, ಊರವರ ಹಾಲನ್ನು ಪರೀಕ್ಷೆ ಮಾಡಿ, ಯಾರ ಮುಖವನ್ನೂ ನೋಡದೆ, ಅದೆಷ್ಟು ಗಟ್ಟಿ ಎಂಬುದರ ಡಿಗ್ರಿ ಹೇಳುತ್ತ ಬಂದವನು. ನೀರು ಬೆರೆತಿದ್ದರೆ ಸ್ವಂತ ಚಿಕ್ಕಪ್ಪನ ಕ್ಯಾನನ್ನೂ ವಾಪಸ್ ಕಳಿಸಿದ್ದ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅನ್ನಿ. ಸೊರಬದಲ್ಲಿ ಸ್ಟುಡಿಯೋ ಇಟ್ಟಿರುವ ಶ್ರೀನಾಥನಿಂದ ಹಳೆಯ ಕ್ಯಾಮೆರಾ ಕೊಂಡ ಮೇಲೆ, ಹಾಲಿಗಿರುವ ಹಾಗೆ ಫೋಟೋಗೂ ಒಂದು ಡಿಗ್ರಿ ಇರಬೇಕು, ಅದನ್ನು ಯಾರಾದರೂ ತನಗೂ ನೇರವಾಗಿ ಹೇಳುತ್ತಾರೆ ಎಂದು ನಂಬಿ ಕೂತ.

ಯಾರೂ ಹೇಳಲಿಲ್ಲ. ಡೇರಿಯ ವಾಟ್ಸಾಪ್ ಗುಂಪಿನಲ್ಲಿ ಅಂಬ್ಲಿಗೊಳ ಜಲಾಶಯದ ನೀರು ಹಾಕಿದರೆ ‘ಸೂಪರ್’, ಮೆಕ್ಕೆಜೋಳದ ಹೊಲ ಹಾಕಿದರೂ ‘ಸೂಪರ್’. ಒಮ್ಮೆ ಕೈತಪ್ಪಿ ಕ್ಲಿಕ್ಕಾಗಿದ್ದ ತನ್ನದೇ ಚಪ್ಪಲಿಯ ಫೋಟೋವನ್ನು, ಅದೂ ಅಲುಗಾಡಿ ಮಸುಕಾದದ್ದನ್ನು, ಬೇಕೆಂದೇ ಹಾಕಿ ನೋಡಿದ. ನಲವತ್ತೊಂದು ಹೆಬ್ಬೆಟ್ಟು ಬಂದವು. ಮೂರು ಎಮ್ಮೆ ಕಟ್ಟಿರುವ ರಾಜಪ್ಪ ‘ಹಳ್ಳಿ ಜೀವನದ ಸೊಗಡು’ ಎಂದು ಬೇರೆ ಬರೆದ. ಮಾಲತೇಶ ಫೋನನ್ನು ಹಾಸಿಗೆಯ ಮೇಲೆ ಎಸೆದ. ಹೆಂಡತಿ ರಜನಿ ನಕ್ಕುಬಿಟ್ಟಳು.

‘ನಾಳೆ ನಿಮ್ಮ ಕಿಟಕಿ ಮುಂದೆ ಕ್ಯಾನ್ ಹಿಡ್ಕಂಡು ನಿಲ್ಲೋ ಜನ ಇನ್ನೇನು ಬರೀತಾರ್ರೀ?’

ಶ್ರೀನಾಥನ ಸ್ಟುಡಿಯೋದ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಹವ್ಯಾಸಿಗಳು ಸೇರುತ್ತಿದ್ದರು. ಅವರ್ಯಾರೂ ತನ್ನ ಡೇರಿಗೆ ಹಾಲು ಹಾಕುವವರಲ್ಲವಲ್ಲ ಎಂದು ಬಸ್ಸು ಹತ್ತಿ ಹೋದ. ಅಲ್ಲಿ ಇನ್ನೊಂದು ಕಥೆ. ಹಿಂದೆ ಯಾರೋ ಇನ್ಯಾರದೋ ಫೋಟೋದಲ್ಲಿ ಕೆರೆ ಓರೆಯಾಗಿದೆ ಎಂದು ಹೇಳಿ, ಇಬ್ಬರಿಗೂ ಮಾತು ಬಿಟ್ಟುಹೋಗಿತ್ತಂತೆ. ಅಂದಿನಿಂದ ಎಲ್ಲರೂ ಎಲ್ಲರಿಗೂ ಚಪ್ಪಾಳೆ. ಶಿವಮೊಗ್ಗದ ಒಂದು ಪ್ರದರ್ಶನಕ್ಕೆ ಒಬ್ಬರು ಒಂದೇ ಫೋಟೋ ಕಳಿಸಬೇಕಿತ್ತು, ಬರುವ ಶನಿವಾರ ಸಂಜೆ ಕೊನೆ. ಯಾವುದನ್ನು ಕಳಿಸಲಿ ಎಂದು ಮಾಲತೇಶ ಹತ್ತು ಪ್ರಿಂಟು ಮುಂದಿಟ್ಟ. ‘ಎಲ್ಲಾ ಚೆನ್ನಾಗಿದೆ ಮಾರಾಯ್ರೆ, ಯಾವ್ದಾದ್ರೂ ಕಳ್ಸಿ,’ ಎಂದ ಶ್ರೀನಾಥ. ಬರುವಾಗ ಬಸ್ಸಿನಲ್ಲಿ ಅವನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ನಲವತ್ನಾಲ್ಕರಲ್ಲಿ ಹಿಡಿದ ಈ ಹುಚ್ಚಿನಲ್ಲಿ ಹುರುಳಿದೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕಾಗಿತ್ತು.

ಶುಕ್ರವಾರ ಬೆಳಗ್ಗೆ ಹುಲಿಗೆಮ್ಮನ ಹಾಲಿಗೆ ಡಿಗ್ರಿ ಬರಲಿಲ್ಲ. ತಲೆ ಎತ್ತದೆ ವಾಪಸ್ ಎಂದ. ಎಪ್ಪತ್ತರ ಆ ಮುದುಕಿಯ ಫೋಟೋವೂ ಹತ್ತರಲ್ಲಿ ಒಂದಾಗಿ ಮೇಜಿನ ಮೇಲೇ ಬಿದ್ದಿತ್ತು. ಅವಳು ಕಿಟಕಿಯೊಳಗೆ ಕೈ ಹಾಕಿ ಅದನ್ನು ಎತ್ತಿಕೊಂಡಳು.

‘ನನ್ನ ಹಾಲಿಗೆ ಹೆಸರಿಡ್ತೀಯಲ್ಲ, ಇದನ್ನ ನೋಡ್ಕಂಡೀಯೇನು? ಕಣ್ಣಿದ್ದಲ್ಲಿ ಎರಡು ಕರೇ ಗುಂಡಿ ಅದಾವು. ನಡುಮಧ್ಯಾಹ್ನ ಬಿಸಿಲಾಗೆ ನಿಲ್ಲಿಸಿ, ನಗು ನಗು ಅಂತ ಹಲ್ಲು ಕಿಸಿಸಿದೆ. ದಿನಾ ಬೆಳಗ್ಗೆ ಎಳೇ ಬಿಸಿಲಾಗೆ ಇಲ್ಲೇ ಸಾಲಾಗಿ ನಿಂತಿರ್ತೀವಿ, ಒಂದಿನನಾರ ತಲೆ ಎತ್ತಿ ನೋಡೀಯೇನಪ್ಪ?’

ಹಾಲು ವಾಪಸ್ ಮಾಡಿದ್ದಕ್ಕೆ ಅವಳಿಗೆ ಸಿಟ್ಟು, ಅಷ್ಟೇ, ಎಂದುಕೊಂಡ ಮಾಲತೇಶ. ಮನೆಗೆ ಹೋಗಿ ಹತ್ತನ್ನೂ ಹರಡಿ ನೋಡಿದ. ಎರಡು ಹೊತ್ತಿನ ಹಾಲಿನ ನಡುವೆ ಬಿಡುವು ಸಿಗುತ್ತಿದ್ದದ್ದೇ ಮಧ್ಯಾಹ್ನ, ಎಲ್ಲವೂ ಮಧ್ಯಾಹ್ನದವೇ. ಕಣ್ಣಿದ್ದಲ್ಲೆಲ್ಲ ಗುಂಡಿ ಇದ್ದವೋ, ಅವಳು ಹೇಳಿದ್ದಕ್ಕೆ ಕಾಣುತ್ತಿದ್ದವೋ, ಅದೂ ತಿಳಿಯದು. ಹೊಗಳುವವರ ಕೈಯಲ್ಲಿ ಕ್ಯಾನು, ಬೈದವಳ ಕ್ಯಾನು ವಾಪಸ್ಸು. ಇದರಲ್ಲಿ ಯಾರನ್ನು ನಂಬುವುದು?

ಶನಿವಾರ ಕ್ಯಾಮೆರಾ ತೆಗೆದುಕೊಂಡೇ ಡೇರಿಗೆ ಹೋದ. ಹುಲಿಗೆಮ್ಮನ ಹಾಲಿಗೆ ಚೆನ್ನಾಗಿಯೇ ಡಿಗ್ರಿ ಬಂತು. ಅದನ್ನು ಎಂದಿಗಿಂತ ಜೋರಾಗಿ ಹೇಳಿ, ಅದೇ ಪ್ರಿಂಟನ್ನು ಅವಳ ಮುಂದೆ ತಳ್ಳಿದ.

‘ಈಗ ಹೇಳಜ್ಜಿ, ಹೆಂಗೈತೆ?’

ಅವಳು ಒಮ್ಮೆ ಡಿಗ್ರಿ ತೋರಿಸುವ ಮಷಿನ್ನು ನೋಡಿದಳು, ಒಮ್ಮೆ ಅವನನ್ನು.

‘ಸೂಪರ್ ಐತೆ ಬಿಡಪ್ಪ. ನಿನ್ನೆ ಏನೋ ಬಾಯಿಗೆ ಬಂದಂಗೆ ಅಂದೆ.’

ನಿನ್ನೆ ಅಂದದ್ದೇ ನಿಜವೆಂದು ಅವನಿಗೆ ಆಗ ಖಾತ್ರಿಯಾಯಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಹೊರಗೆ ನೋಡಿದ. ಸಾಲು ರಸ್ತೆಯವರೆಗೆ ನಿಂತಿತ್ತು. ಪಕ್ಕದಿಂದ ಬೀಳುತ್ತಿದ್ದ ಬಿಸಿಲಲ್ಲಿ ಒಬ್ಬ ಆಕಳಿಸುತ್ತಿದ್ದ, ಹಾಲಮ್ಮ ಕ್ಯಾನಿನ ಮೇಲೆ ಗಲ್ಲವಿಟ್ಟು ಎತ್ತಲೋ ನೋಡುತ್ತಿದ್ದಳು. ಕಳಿಸಬೇಕಾದ ಫೋಟೋ ಇದೇ. ಮಾಲತೇಶ ಕ್ಯಾಮೆರಾ ಎತ್ತಿದ.

ಸಾಲಿಗೆ ಸಾಲೇ ನೆಟ್ಟಗಾಯಿತು. ಆಕಳಿಕೆ ನಿಂತಿತು, ಸೆರಗು ಸರಿಯಾದವು, ಎಲ್ಲರ ಹಲ್ಲೂ ಒಟ್ಟಿಗೆ ಹೊರಬಂದವು, ಹುಲಿಗೆಮ್ಮನವೂ. ಅವನಿನ್ನೂ ಬಟನ್ ಒತ್ತಿರಲಿಲ್ಲ, ಹಿಂದಿನಿಂದ ರಾಜಪ್ಪ ಹೇಳಿದ:

‘ಸೂಪರ್ ಬಂದೈತೆ ಸೆಕ್ರೆಟ್ರಿ.’