ರಾಂಪುರದ ಅಡುಗೆಮನೆಗೆ ಕಿಟಕಿ ತೆಗೆದ ರೇಣುಕಮ್ಮ

ಬೆಳಕು ಇನ್ನೂ ಅಂಗಳಕ್ಕೆ ಇಳಿದಿಲ್ಲ. ರಾಂಪುರದ ಹಳೆಯ ಮಣ್ಣಿನ ಮಾಳಿಗೆ ಮನೆಯ ಅಡುಗೆಮನೆಯಲ್ಲಿ ಮೇಸ್ತ್ರಿ ರೇಣುಕಮ್ಮ ಗೋಡೆಗೆ ಕಿವಿಯಿಟ್ಟು ನಿಂತಿದ್ದಾರೆ. ಸುತ್ತಿಗೆಯಿಂದ ಮೆಲ್ಲಗೆ ಕಲ್ಲು ಬಡಿಯುತ್ತಾರೆ, ಆಲಿಸುತ್ತಾರೆ, ಮತ್ತೆ ಬಡಿಯುತ್ತಾರೆ. ಇಲ್ಲೊಂದು ಕಿಟಕಿ ಬರಬೇಕು. ಮೇಲಿನ ಎರಡು ತೊಲೆಗಳಲ್ಲಿ ಒಂದಕ್ಕೆ ಕಬ್ಬಿಣದ ಜಾಕಿಯ ಆಸರೆ ಕೊಟ್ಟಿದ್ದಾರೆ.

ಮನೆಯ ಹಿರಿಯರಾದ ಶಿವಬಸಮ್ಮನವರ ಕಣ್ಣು ಮಂಜಾಗಿದೆ. ಆದರೂ ಒಲೆ ಬಿಟ್ಟುಕೊಟ್ಟಿಲ್ಲ. ಕಳೆದ ಶ್ರಾವಣದಲ್ಲಿ ಈ ಹೊಗೆಗತ್ತಲಲ್ಲಿ ಕುದಿಯುವ ಎಸರು ಅವರ ಕಾಲಿನ ಮೇಲೆ ಬಿತ್ತು. ಅಂದೇ ಮಗ ಓಂಕಾರಮೂರ್ತಿ ಅಡುಗೆಮನೆ ಹೊಸದಾಗಿಸಲು ತೀರ್ಮಾನಿಸಿದರು. ಬಳ್ಳಾರಿಯ ಅಂಗಡಿಯಲ್ಲಿ ಕಂಡಂಥ ಹೊಳೆಯುವ ಟೈಲ್ಸ್, ಒಂದೇ ಮಟ್ಟದ ಕಟ್ಟೆ ಅವರ ಆಸೆ. ರೇಣುಕಮ್ಮ ಒಪ್ಪಲಿಲ್ಲ.

"ನೀರು ಬಿದ್ರೆ ಅಮ್ಮಾರು ಜಾರ್ತಾರೆ ಕಣಣ್ಣ. ನೆಲಕ್ಕೆ ಒರಟು ಕಡಪ ಕಲ್ಲು ಹಾಕಾನ. ಒಲೆ ಇಡೋ ಜಾಗ ತಗ್ಗಿರ್ಲಿ. ಎತ್ತರ ಆದ್ರೆ ಮುದ್ದೆ ತಿರುವಾಕೆ ಆಗಲ್ಲ."

ಕಟ್ಟೆಯ ಕರಿ ಗ್ರಾನೈಟಿನ ಅಂಚಿಗೆ ಬಿಳಿ ಕಲ್ಲಿನ ಪಟ್ಟಿ ಹಾಕಿದರೆ ಅತ್ತೆಗೆ ಅಂಚು ಕಾಣುತ್ತದೆ ಎಂದವರು ಸೊಸೆ ಶಿಲ್ಪಾ. "ಅದು ನಂಗೆ ಹೊಳೆದೇ ಇರ್ಲಿಲ್ಲ," ಎನ್ನುತ್ತಾರೆ ರೇಣುಕಮ್ಮ.

ಬಿ.ಜಿ. ಕೆರೆಯ ಈ ಹೆಣ್ಣುಮಗಳು ಹುಟ್ಟಿದ್ದು ಕುರಿ ಕಾಯುವ ಮನೆಯಲ್ಲಿ. ಮದುವೆಯ ನಂತರ ಮೇಸ್ತ್ರಿ ಜಂಬುಲಿಂಗಪ್ಪನವರ ಹಿಂದೆ ವರ್ಷಗಟ್ಟಲೆ ಗಾರೆ ಹೊತ್ತು ಕರಣೆ ಹಿಡಿಯುವುದನ್ನು ಕಲಿತರು. ಈಗ ಗಂಡ ಚಂದ್ರಣ್ಣ ಗಾರೆ ಕಲಸಿ ಕೊಡುತ್ತಾರೆ, ಇವರು ಕಟ್ಟುತ್ತಾರೆ. ತಿಂಗಳಿಗೆ ಎರಡು ಅಡುಗೆಮನೆ ಮುಗಿದರೆ ಹೆಚ್ಚು. "ಹೆಣ್ಮಗಳು ಕಟ್ಟಿದ್ದು ನಿಲ್ತೈತಾ ಅಂತ ಚಳ್ಳಕೆರೆಯಾಗೆ ಒಬ್ರು ಕಟ್ಟೆ ಹತ್ತಿ ಕುಣಿದು ನೋಡಿದ್ರು!" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಇಂದು ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಗೋಡೆಯಿಂದ ಮತ್ತೊಂದು ಕಲ್ಲು ಕಿತ್ತು ಕೈಗೆ ಬಂದದ್ದೇ ತಡ, ಮೇಲಿಂದ ಮಣ್ಣು ಸುರಿಯತೊಡಗುತ್ತದೆ. ಆಸರೆಯಿಲ್ಲದ ತೊಲೆ ಲಟಕ್ಕೆನ್ನುತ್ತದೆ. ರೇಣುಕಮ್ಮ ಕಿತ್ತ ಕಲ್ಲನ್ನೇ ಮತ್ತೆ ಸಂದಿಗೆ ತುರುಕಿ ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಾರೆ.

"ಎಲ್ರೂ ಹೊರಗೆ ಹೋಗ್ರಿ!"

ಅಂಗಳಕ್ಕೆ ಓಡಿ ಬಂದ ಮೇಲೆ ಶಿಲ್ಪಾ ಚೀರುತ್ತಾರೆ, "ಅತ್ತೆ ದೇವರ ಕೋಣೆಯಾಗವ್ರೆ!" ಆ ಕೋಣೆಗೆ ಬೇರೆ ಬಾಗಿಲಿಲ್ಲ. ಅಡುಗೆಮನೆ ದಾಟಿಯೇ ಬರಬೇಕು. ಶಿವಬಸಮ್ಮ ಆಗಲೇ ಹೊಸ್ತಿಲಲ್ಲಿದ್ದಾರೆ, ಕೈ ಗೋಡೆಯನ್ನು ತಡಕಾಡುತ್ತಿದೆ.

"ಗೋಡೆ ಮುಟ್ಟಬ್ಯಾಡ್ರಿ ಅಮ್ಮಾರೆ. ನನ್ನ ದನಿ ಕಡೆ ಬರ್ರಿ."

"ಏನಾತೇ ರೇಣುಕಾ?"

"ಹೊರಗೆ ಹೋಗಿ ಹೇಳ್ತೀನಿ. ಬರ್ರಿ, ಇನ್ನೊಂಚೂರು."

ಮಣ್ಣು ಶಿವಬಸಮ್ಮನವರ ಸೆರಗಿನ ಮೇಲೆ ಉದುರುತ್ತದೆ. ಓಂಕಾರಮೂರ್ತಿ ಬಾಗಿಲಲ್ಲಿ ತಾಯಿಯ ಕೈ ಹಿಡಿದು ಹೊರಗೆಳೆದುಕೊಳ್ಳುತ್ತಾರೆ. ಚಂದ್ರಣ್ಣ ಒಳನುಗ್ಗಿ ಆ ತೊಲೆಗೂ ಒಂದು ಜಾಕಿ ಕೊಟ್ಟು ತಿರುವುತ್ತಾರೆ. ಅದು ಬಿಗಿಯಾದ ಮೇಲೆಯೇ ರೇಣುಕಮ್ಮ ಕೈ ತೆಗೆಯುವುದು. ಬೆರಳುಗಳ ಚರ್ಮ ಕಿತ್ತು ರಕ್ತ ಬರುತ್ತಿದೆ.

"ಭಾರ ಎಲ್ಲಾ ಮೊದ್ಲು ಜಾಕಿ ಕೊಟ್ಟ ತೊಲೆ ಮ್ಯಾಲೈತೆ ಅನ್ಕಂಡಿದ್ದೆ. ನನ್ನ ಅಂದಾಜು ತಪ್ಪಿತ್ತು ಅಮ್ಮಾರೆ."

"ಸಾಕು, ಕೆಲಸ ನಿಲ್ಸವ್ವ," ಎನ್ನುತ್ತಾರೆ ಓಂಕಾರಮೂರ್ತಿ. ಜಗುಲಿಯ ಮೇಲೆ ಕುಳಿತು ಸುಧಾರಿಸಿಕೊಂಡ ಶಿವಬಸಮ್ಮನವರೇ ಮಗನನ್ನು ತಡೆಯುತ್ತಾರೆ. "ಎಲ್ಲಿ ತಪ್ಪಾತು ಅಂತ ಅವಳಿಗೆ ಗೊತ್ತಾಗೈತೆ. ಬೇರೆಯೋರು ಬಂದ್ರೆ ಮತ್ತೆ ಮೊದಲಿಂದ ಹುಡುಕ್ಬೇಕು. ನಂಗೆ ಬೆಳಕು ಬೇಕಪ್ಪ."

ಮಧ್ಯಾಹ್ನ ರೇಣುಕಮ್ಮ, ತೊಲೆಯಿಂದ ದೂರ ಸರಿದು, ಕಿಟಕಿಗೆ ಇನ್ನೂ ಚಿಕ್ಕದಾಗಿ ಹೊಸ ಗುರುತು ಹಾಕುತ್ತಾರೆ. ಮೊದಲ ಕಲ್ಲು ಹೊರಬರುತ್ತದೆ. ಮಣ್ಣು ಉದುರುವುದಿಲ್ಲ. ಸಂಜೆಗೆ ಚೌಕಟ್ಟು ಕೂತಿದೆ. ಒಲೆ ಬರುವ ಜಾಗಕ್ಕೆ ಬಿಸಿಲು ಬಿದ್ದಿದೆ. ಶಿವಬಸಮ್ಮ ಆ ಬಿಸಿಲಲ್ಲಿ ಅಂಗೈ ಹಿಡಿದು, ತಿರುಗಿಸಿ ನೋಡಿಕೊಳ್ಳುತ್ತಾರೆ.

ನಾಳೆಯಿಂದ ಕಟ್ಟೆ ಕೆಲಸ. ಈ ಕಟ್ಟೆಯ ಬಗ್ಗೆ ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಬಟ್ಟೆ ಸುತ್ತಿದ ಕೈಯಲ್ಲೇ ಕರಣೆ ತೊಳೆಯುತ್ತಾ ರೇಣುಕಮ್ಮ ಹೇಳುತ್ತಾರೆ:

"ಕಟ್ಟೆ ಸರಿ ಇಲ್ದೆ ಸೊಂಟ ನೋವು ಬಂತು ಅಂದ್ರೆ ದಿನಾ ಮೇಸ್ತ್ರಿ ಹೆಸರು ಹಿಡಿದು ಬೈತಾರೆ. ಈ ಮನೆಯಾಗೆ ಯಾರಿಗೂ ನನ್ನ ಹೆಸರು ನೆನಪಾಗಬಾರ್ದು, ಅಷ್ಟೇ."