ಎರಡು ದಿನ ನೋಡೋಣ

ಪುಣೆಯ ಹಡಪಸರದಲ್ಲಿ ಹದಿನಾರು ವರ್ಷ ನಾಯಿ ಬೆಕ್ಕುಗಳಿಗೆ ಔಷಧ ಕೊಟ್ಟ ಮೇಲೆ, ನಾನು ಪಶುವೈದ್ಯೆ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಇನ್ನೊಂದು ದೇಶ ಮುಂದೆ ಬಂತು. ಗಂಡ ಅಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು, ನಾನೂ ಹೋಗುವುದೆಂದು ಮಾತಾಗಿತ್ತು. ಆದರೆ ಕರ್ನಾಟಕದಲ್ಲಿ ಓದಿ ಪಡೆದ ನನ್ನ ಪದವಿಗೆ ಅಲ್ಲಿ ಮಾನ್ಯತೆಯಿಲ್ಲ. ಅವರ ಪರೀಕ್ಷೆ ಪಾಸಾದರೆ ಲೈಸೆನ್ಸು, ಇಲ್ಲದಿದ್ದರೆ ಯಾವುದೋ ಆಸ್ಪತ್ರೆಯಲ್ಲಿ ನಾಯಿಗೂಡು ತೊಳೆಯುವ ಸಹಾಯಕಿ. ಮೊದಲಿಗೆ ಅದನ್ನೇ ಮಾಡಿದರಾಯಿತು ಎಂದು ಗಂಡ ಫೋನಿನಲ್ಲಿ ಸಮಾಧಾನ ಹೇಳಿದ. ಅವನ ಡಿಗ್ರಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಬಂದರೆ ಡಾಕ್ಟರಾಗಿಯೇ ಬರುತ್ತೇನೆ, ಇಲ್ಲವಾದರೆ ಬರುವುದೇ ಇಲ್ಲ ಎಂದು ಫೋನಿಟ್ಟೆ.

ಕಲಿತದ್ದು ಇಂಗ್ಲಿಷಿನಲ್ಲಿ ಎನ್ನುವುದಕ್ಕೆ ಕಾಲೇಜಿನಿಂದೊಂದು ಪತ್ರ ತಂದೆ. ನಾನು ಒಳ್ಳೆಯ ನಡತೆಯವಳು ಎನ್ನುವುದಕ್ಕೆ ನೋಂದಣಿ ಕಚೇರಿಯಿಂದ ಇನ್ನೊಂದು. ಅದನ್ನು ಕೊಟ್ಟ ಗುಮಾಸ್ತರು ನನ್ನ ಮುಖವನ್ನೂ ನೋಡಲಿಲ್ಲ, ಅಷ್ಟು ಖಾತ್ರಿ ಅವರಿಗೆ. ಆಮೇಲೆ ಜನ್ಮದಲ್ಲಿ ಕಂಡಿರದ ಅಲ್ಪಾಕಾ ಎಂಬ ಪ್ರಾಣಿಯ ಹಲ್ಲುಗಳನ್ನು ಬಾಯಿಪಾಠ ಮಾಡಿದೆ. ಮೊದಲ ನೌಕರಿಯಲ್ಲಿ, ಇಂದಾಪುರದ ಕಬ್ಬಿನ ಬದುವಿನ ಮೇಲೆ ಮಂಡಿಯೂರಿ, ಈಯಲಾರದ ಎಮ್ಮೆಗಳ ಹೊಟ್ಟೆಯಿಂದ ಕರು ಎಳೆದಿದ್ದೆ. ಅದನ್ನು ಯಾರೂ ಕೇಳಲಿಲ್ಲ.

ಲಿಖಿತ ಪರೀಕ್ಷೆ ಪಾಸಾದೆ. ಅಲ್ಲಿಗೇ ಹೋಗಿ ಕೊಟ್ಟ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಲಿಗೆ, ಅರಿವಳಿಕೆ, ಎಕ್ಸ್‌ರೇ ಎಲ್ಲ ದಾಟಿದೆ. ಕೊನೆಗೆ ಆನೆ ಹೋಗಿ ಬಾಲ ಸಿಕ್ಕಿಕೊಂಡದ್ದು ಮಾತಾಡುವ ಕೋಣೆಯಲ್ಲಿ. ಅಲ್ಲಿ ನಾಯಿ ಇರಲಿಲ್ಲ, ನಾಯಿಯ ಫೋಟೊ ಇತ್ತು. ಅದರ ಒಡತಿಯ ಪಾತ್ರಕ್ಕೆ ಒಬ್ಬ ನಟಿಯನ್ನು ಕೂರಿಸಿದ್ದರು. ನಾಯಿಗೆ ಕ್ಯಾನ್ಸರ್, ಮೈಯೆಲ್ಲ ಹರಡಿದೆ, ಹತ್ತು ನಿಮಿಷದಲ್ಲಿ ಅವಳಿಗೆ ತಿಳಿಸಿ ಹೇಳಬೇಕು. ಆಕೆ ಎಷ್ಟು ಚೆನ್ನಾಗಿ ಅತ್ತಳೆಂದರೆ ನನಗೆ ಪರೀಕ್ಷೆ ಮರೆತೇಹೋಯಿತು. ನೀರು ಕೊಟ್ಟೆ, ಊಟ ಆಯಿತೇ ಎಂದು ಕೇಳಿದೆ. ಮತ್ತೆ ನನ್ನ ಕ್ಲಿನಿಕ್ಕಿನಲ್ಲಿ ದಿನಾ ಹೇಳುವುದನ್ನೇ ಇಂಗ್ಲಿಷಿನಲ್ಲಿ ಹೇಳಿದೆ: ಎರಡು ದಿನ ನೋಡೋಣ.

ಪುಣೆಯಲ್ಲಿ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ನಾನು ಮರಾಠಿಯಲ್ಲಿ 'ದೋನ್ ದಿವಸ್ ಬಘೂ' ಎಂದರೆ ಇನ್ನು ಔಷಧವಿಲ್ಲ ಎಂದೇ ಲೆಕ್ಕ. ಮನೆಯವರು ನಾಯಿಯನ್ನು ಒಯ್ದು, ಬೇಡ ಬೇಡವೆಂದು ಇಷ್ಟು ದಿನ ಕೊಡದಿದ್ದದ್ದನ್ನೆಲ್ಲ ತಿನ್ನಿಸಿ, ಮೂರನೆಯ ದಿನ ತಾವೇ ಬರುತ್ತಾರೆ. ಬಾಗಿಲಲ್ಲಿ ಅವರ ಮುಖ ನೋಡಿ ನಾನು ಇಂಜೆಕ್ಷನ್ ತುಂಬುತ್ತೇನೆ. ಸಾಯಿಸುವ ಮಾತನ್ನು ಅವರೂ ಆಡುವುದಿಲ್ಲ, ನಾನೂ ಆಡುವುದಿಲ್ಲ.

ನಟಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಎರಡು ದಿನದಲ್ಲಿ ನಾಯಿ ಗುಣವಾಗುತ್ತದೆಂದು ಕಣ್ಣೊರೆಸಿಕೊಂಡು, ಥ್ಯಾಂಕ್ಸ್ ಹೇಳಿ ಹೋದಳು. ನಾನು ಫೇಲು. ಆಯ್ಕೆಗಳನ್ನು ಸ್ಪಷ್ಟವಾಗಿ ಹೇಳಲಿಲ್ಲ, ಸುಳ್ಳು ಭರವಸೆ ಕೊಟ್ಟೆ ಎಂದು ಪತ್ರ ಬಂತು. ಮೈಯೆಲ್ಲ ಉರಿಯಿತು. ಎರಡನೆಯ ಸಲ ಓದಿದಾಗ ಅವರು ಬರೆದದ್ದರಲ್ಲಿ ತಪ್ಪೇನೂ ಕಾಣಲಿಲ್ಲ, ಅದಕ್ಕೆ ಇನ್ನಷ್ಟು ಉರಿಯಿತು.

ಛಲ ಹಿಡಿದು ಅಭ್ಯಾಸಕ್ಕೆ ಕೂತೆ. ನಾಲ್ಕು ಆಯ್ಕೆ, ಒಂದೊಂದಾಗಿ, ಸಾವಿನ ಹೆಸರು ಹಿಡಿದು, ನಡುವೆ ಉಸಿರಾಡುವಷ್ಟು ಬಿಡುವು, ಕೊನೆಗೆ ತಿಳಿಯಿತೇ ಎಂಬ ಪ್ರಶ್ನೆ. ಅಡುಗೆಮನೆಯಲ್ಲಿ ಫ್ರಿಜ್ಜನ್ನೇ ಒಡತಿ ಮಾಡಿಕೊಂಡು ಹೇಳುತ್ತಿದ್ದೆ. ಫ್ರಿಜ್ಜಿಗೆ ಪೂರ್ತಿ ತಿಳಿಯಿತು.

ಮರುಪರೀಕ್ಷೆಗೆ ಮೂರು ವಾರವಿದ್ದಾಗ ಬೆಳಗಾವಿ ಕಡೆಯ ನಿವೃತ್ತ ಮಾಸ್ತರರೊಬ್ಬರು ತಮ್ಮ ಮುದಿನಾಯಿಯನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಬಂದರು. ಅದು ಮರಿಯಾಗಿದ್ದಾಗಿನಿಂದ ನಾನೇ ನೋಡಿದವಳು. ನನ್ನನ್ನು ಅವರು ತಂಗಿ ಎಂದೇ ಕರೆಯುತ್ತಿದ್ದರು, ಪರೀಕ್ಷೆ ಎಲ್ಲಿಗೆ ಬಂತೆಂದು ಪ್ರತಿ ಸಲ ಕೇಳುತ್ತಿದ್ದರು. ನಾಯಿಯ ಎರಡೂ ಮೂತ್ರಪಿಂಡ ಹೋಗಿದ್ದವು. ನಾನು ರಿಪೋರ್ಟು ಮಡಿಸಿಟ್ಟದ್ದನ್ನು ಕಂಡು, "ಏನ್ ಮಾಡೂಣ ತಂಗಿ?" ಎಂದರು.

ಬಾಯಿ ತಾನಾಗಿಯೇ ಶುರುಮಾಡಿತು. ಸಲೈನು, ಪಥ್ಯ, ಮನೆಯಲ್ಲೇ ನೋವಿಲ್ಲದ ಹಾಗೆ ಇಡುವುದು, ಒಂದೊಂದನ್ನೂ ಬಿಡುವು ಕೊಟ್ಟು ಹೇಳಿದೆ. "ನಾಲ್ಕನೇದು, ಇಂಜೆಕ್ಷನ್ ಕೊಟ್ಟು ಜೀವಾ ತಗಿಯೂದು. ಇವತ್ತ ಮಾಡಬಹುದು. ತಿಳೀತೇನ್ರಿ?"

ಮಾಸ್ತರರು ನಾಯಿಯ ಎರಡೂ ಕಿವಿಗಳ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಎದ್ದು, ಅದನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡರು. ಸಿಟ್ಟೇನೂ ಇರಲಿಲ್ಲ.

"ಭಾಳ ಛಲೋ ಹೇಳಿದ್ರಿ, ಡಾಕ್ಟರ್. ಪಾಸಾಗ್ತೀರಿ ಬಿಡ್ರಿ," ಎಂದರು.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವರು ಮತ್ತೆ ಬರಲಿಲ್ಲ, ನಾಯಿ ಏನಾಯಿತೆಂದು ಫೋನ್ ಮಾಡಿ ಕೇಳುವ ಮುಖ ನನಗಿರಲಿಲ್ಲ. ಪಾಸಾದೆ. ಮುಂದಿನ ತಿಂಗಳು ಹೊರಡುತ್ತೇನೆ, ಡಾಕ್ಟರಾಗಿಯೇ.