ಒಂದು ಆಯುಧಕ್ಕೆ ಒಂದೇ ಲೋಹ

ಆತ ಆ ಬೀದಿಗೆಲ್ಲ ಭಾವ. ನಿಜಕ್ಕೂ ಭಾವನಾಗಿದ್ದುದು ಒಬ್ಬನಿಗೆ ಮಾತ್ರ, ಹೆಂಡತಿಯ ತಮ್ಮ ಮೇಷ್ಟ್ರಿಗೆ. ಮೇಷ್ಟ್ರು ಕರೆಯುವುದನ್ನು ಕೇಳಿ ಔಷಧಿ ಅಂಗಡಿಯವನೂ ಹಾಗೇ ಕರೆದ, ಡ್ರೈವಿಂಗ್ ಕಲಿಸುವವನೂ ಹಾಗೇ ಕರೆದ. ಕೊನೆಗೆ ಆತನ ಸ್ವಂತ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ: ಲೇತ್ ಯಂತ್ರಗಳಿಗೆ ಲೋಹ ಕತ್ತರಿಸುವ ಉಳಿ ಮಾಡುವುದು. ಉಳಿಯ ಮೈ ಉಕ್ಕು, ಮೂತಿಗೆ ಉಗುರಿನಷ್ಟು ಕಾರ್ಬೈಡ್ ಚೂರು. ಉಕ್ಕು ಪೆಟ್ಟು ತಾಳುತ್ತದೆ, ಆದರೆ ಅಂಚು ನಿಲ್ಲುವುದಿಲ್ಲ. ಕಾರ್ಬೈಡಿಗೆ ಅಂಚುಂಟು, ಪೆಟ್ಟು ಬಿದ್ದರೆ ಪುಡಿ. ಎಣ್ಣೆ ಸೀಗೆಕಾಯಿಯಂಥ ಈ ಎರಡನ್ನು ಕೂಡಿಸಲು ನಡುವೆ ಬೆಳ್ಳಿ ಬೆರೆತ ತೆಳು ತಗಡು ಇಟ್ಟು, ಬಿಳಿಗಾರ ಸವರಿ, ಉರಿ ಹಿಡಿಯಬೇಕು. ಉಕ್ಕು ಕೆಂಪಾಗಿ ಬೆಳ್ಳಿ ಹೊಳೆದು ಹರಿದ ಆ ಒಂದು ಗಳಿಗೆಯಲ್ಲಿ ಕಡ್ಡಿಯಿಂದ ಒತ್ತಬೇಕು. ಆಮೇಲೆ ಬಿಸಿ ಮರಳಿನಲ್ಲಿ ಹೂತು ಮರೆತುಬಿಡಬೇಕು. ಅವಸರಕ್ಕೆ ನೀರಿನಲ್ಲಿ ಅದ್ದಿದಿರೋ, ಕೂದಲೆಳೆಯಷ್ಟು ಸೀಳು ಬಿಟ್ಟಿತೆಂದೇ ತಿಳಿಯಿರಿ. ಭಾವನ ಕೈಯ ಬೆಸುಗೆ ಬಿಟ್ಟುಕೊಂಡಿತೆಂಬ ದೂರು ಇಪ್ಪತ್ತಾರು ವರ್ಷದಲ್ಲಿ ಬಂದಿರಲಿಲ್ಲ. ದೂರು ಬರದ ಕೆಲಸಗಾರನ ಸುದ್ದಿ ಯಾರೂ ಎತ್ತುವುದಿಲ್ಲ, ಅದು ಬೇರೆ ಮಾತು.

ಭಾನುವಾರ ಮಧ್ಯಾಹ್ನ ಮಾತ್ರ ಆತ ಬೇರೆ ಮನುಷ್ಯ. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಕಾಲು ಅಲ್ಲಾಡುವ ಮೇಜಿನ ಸುತ್ತ ನಾಲ್ವರೂ ಕೂತು ಒಂದು ಆಟ ಆಡುತ್ತಿದ್ದರು. ಮೇಷ್ಟ್ರು ಕಥೆ ಹೇಳಬೇಕು, ಉಳಿದ ಮೂವರು ಆ ಕಥೆಯೊಳಗೆ ಒಬ್ಬೊಬ್ಬ ವೀರನಾಗಬೇಕು, ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳಬೇಕು. ನಲವತ್ತು ದಾಟಿದ ಗಂಡಸರು ಭೂತ ರಾಕ್ಷಸರನ್ನು ಹೊಡೆಯುತ್ತ ಕೂರುವುದನ್ನು ನೋಡಿ ಹೆಂಡಂದಿರು ನಕ್ಕು ನಕ್ಕು ಸುಸ್ತಾಗಿ ಸುಮ್ಮನಾಗಿದ್ದರು. ಭಾವನದು ಒಬ್ಬ ಕುಂಟ ಈಟಿಗಾರ. ಹನ್ನೆರಡು ವರ್ಷದಿಂದ ಸಾಯದೆ ಉಳಿದಿದ್ದ ಒಬ್ಬನೇ ಒಬ್ಬ.

ಆಟದ ನಿಯಮಗಳನ್ನೆಲ್ಲ ಮೇಷ್ಟ್ರು ದಪ್ಪ ನೋಟ್‌ಬುಕ್ಕಿನಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿಟ್ಟಿದ್ದರು. ನೆರಳುಪ್ರೇತಗಳಿಗೆ ಬೆಳ್ಳಿಯ ಆಯುಧವೇ ಆಗಬೇಕು. ಕಲ್ಲುದೈತ್ಯನಿಗೆ ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣವೇ ಆಗಬೇಕು. ಅಲಗಿಗೆ ಗರಗಸದ ಹಲ್ಲು, ತುದಿಗೆ ಕೊಕ್ಕೆ, ಹಿಡಿಗೆ ಭಾರ, ಇವು ಮಾರ್ಪಾಡುಗಳು. ಎಲ್ಲಕ್ಕೂ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಒಂದು ಆಯುಧಕ್ಕೆ ಒಂದೇ ಲೋಹ, ಎರಡೇ ಮಾರ್ಪಾಡು.

ಮೂರನೇ ವರ್ಷ ಭಾವ ಈ ಸಾಲಿಗೆ ಬೆರಳಿಟ್ಟ.

“ಮೇಷ್ಟ್ರೇ, ಮೈ ಬೆಳ್ಳಿದು, ಮೂತಿ ಉಲ್ಕೆ ಕಬ್ಬಿಣದ್ದು ಅಂತ ಒಂದೇ ಈಟಿ ಮಾಡಬಹುದಲ್ಲ? ನಾನು ದಿನಾ ಮಾಡೋ ಕೆಲಸಾನೇ ಅದು.”

“ಪುಸ್ತಕದಲ್ಲಿ ಇಲ್ಲ ಭಾವ,” ಎಂದರು ಮೇಷ್ಟ್ರು. “ಎರಡು ಲೋಹ ಕೂಡೋದಿಲ್ಲ.”

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡು ಭಾವ ಮುಂದಿನ ಭಾನುವಾರ ತಾನೇ ಬೆಸೆದ ಒಂದು ಉಳಿ ತಂದ. ಅದಕ್ಕೆಂದೇ ಒಂದು ಸಂಜೆ ಕಾರ್ಖಾನೆಯಲ್ಲಿ ಉಳಿದು, ಅಂಚು ಉಜ್ಜಿ, ಬೆಳ್ಳಿಯ ಗೆರೆ ದಾರದಂತೆ ಕಾಣುವ ಹಾಗೆ ಹೊಳಪು ಕೊಟ್ಟಿದ್ದ. ಮೇಜಿನ ಮೇಲಿಟ್ಟು, “ಬಿಡಿಸಿ ನೋಡೋಣ,” ಎಂದ. ಮೂವರೂ ಕೈಗೆತ್ತಿಕೊಂಡು ಭಾರ ನೋಡಿದರು. ಔಷಧಿ ಅಂಗಡಿಯವನು ಅದನ್ನು ಆಟದ ನಕ್ಷೆಯ ಮೂಲೆಗೆ ಇಟ್ಟ. ಫ್ಯಾನ್ ಗಾಳಿಗೆ ಕಾಗದ ಹಾರುತ್ತಿತ್ತು.

ಅಲ್ಲಿಗೆ ಮುಗಿಯಿತು. ಒಂಬತ್ತು ವರ್ಷ ಆ ಉಳಿ ಕಾಗದದ ಮೇಲೆ ಭಾರವಾಗಿ ಕೂತಿತು. ಭಾವ ವರ್ಷಕ್ಕೊಮ್ಮೆಯಾದರೂ ಮಾತೆತ್ತುತ್ತಿದ್ದ, ಅವರು ವರ್ಷಕ್ಕೊಮ್ಮೆ ನಗುತ್ತಿದ್ದರು. ಅವನಿಗೆ ಬೇಕಿದ್ದುದು ಈಟಿಯಲ್ಲ. ತನ್ನ ಕೈಗೆ ಗೊತ್ತಿರುವುದು ನಿಜ ಎಂದು ಆ ಮೇಜು ಒಂದು ಸಲ ಒಪ್ಪಬೇಕಿತ್ತು, ಅಷ್ಟೇ. ಅಷ್ಟಕ್ಕೇ ಅಷ್ಟೊಂದು ಆಸೆಪಟ್ಟನಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹನ್ನೆರಡನೇ ವರ್ಷ ಔಷಧಿ ಅಂಗಡಿಯವನ ಮನೆಗೆ ಹೊಸ ಬಾಡಿಗೆದಾರರಾಗಿ ಇಂಜಿನಿಯರ್ ಒಬ್ಬರು ಬಂದರು. ಆಟಕ್ಕೂ ಬಂದರು. ಅವರಿಗೆ ಒಳ್ಳೆಯ ಕುರ್ಚಿ ಬಿಟ್ಟುಕೊಟ್ಟು ಭಾವ ಸ್ಟೂಲಿಗೆ ಸರಿದ. ಎರಡನೇ ಭಾನುವಾರವೇ ಅವರು ಆ ಉಳಿಯನ್ನೆತ್ತಿ ತಿರುಗಿಸಿ ನೋಡಿದರು.

“ಇದೇನು?”

ಭಾವ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಹೇಳಿದರು, “ಅದಾ ಸಾರ್, ಕಾಗದ ಹಾರದೆ ಇರಲಿ ಅಂತ ಇಟ್ಟಿರೋದು.”

“ಅಲ್ಲ, ಇಲ್ಲಿ ನೋಡಿ. ಎರಡು ಬೇರೆ ಬೇರೆ ಲೋಹ ಕೂಡಿದೆ. ಹಾಗಾದ್ರೆ ನಿಮ್ಮ ಆಯುಧಕ್ಕೆ ಯಾಕೆ ಒಂದೇ ಲೋಹ?”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. “ಎಂಥಾ ಯೋಚನೆ ಸಾರ್. ಇಷ್ಟು ವರ್ಷ ನಮಗೆ ಹೊಳೀಲೇ ಇಲ್ಲ ನೋಡಿ.” ಕೆಂಪು ಸಾಲನ್ನು ಸ್ಕೇಲ್ ಇಟ್ಟು ಹೊಡೆದು ಹಾಕಿದರು. ಕೆಳಗೆ ಬರೆದರು: ಇಂಜಿನಿಯರ್ ನಿಯಮ.

“ಇದನ್ನೇ ನಾನು ಒಂಬತ್ತು ವರ್ಷದಿಂದ ಹೇಳ್ತಾ ಇದೀನಲ್ಲ ಮೇಷ್ಟ್ರೇ,” ಎಂದ ಭಾವ. ದನಿ ಏರಿರಲಿಲ್ಲ.

“ನೀವು ಹೇಳಿದ್ದು ಬೇರೆ ಭಾವ. ನೀವು ಬೆಸುಗೆ ವಿಷಯ ಹೇಳಿದ್ರಿ. ಸಾರ್ ಹೇಳ್ತಿರೋದು ತತ್ವ.”

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನ ಮನೆಯಲ್ಲೂ ಇಂಥ ಒಬ್ಬ ಬಾಮೈದ ಇದ್ದಿರಬೇಕು.

ಇಂಜಿನಿಯರ್ ಕೆಟ್ಟವರೇನಲ್ಲ. ಉಳಿ ಯಾರದೆಂದು ಅವರಿಗೆ ಯಾರೂ ಹೇಳಲಿಲ್ಲ, ಅವರಾಗಿ ಕೇಳಲೂ ಇಲ್ಲ. ತಮ್ಮ ವೀರನಿಗೊಂದು ಕತ್ತಿ ಬರೆಸಿದರು: ಬೆಳ್ಳಿಯ ಮೈ, ಉಲ್ಕೆಯ ಅಂಚು, ಹಲ್ಲು, ಕೊಕ್ಕೆ ಎಲ್ಲ. ಕಮ್ಮಾರ ಅದನ್ನು ಕುಲುಮೆಯಿಂದ ತೆಗೆದು ಹಿಮದ ನೀರಿನಲ್ಲಿ ಅದ್ದಿದ ಎಂದು ಮೇಷ್ಟ್ರು ಬಣ್ಣಿಸಿದರು.

“ನೀರಿಗೆ ಅದ್ದಿದ್ರೆ ಸೀಳು ಬಿಡುತ್ತೆ,” ಎಂದ ಭಾವ. “ಮರಳಲ್ಲಿ ಹೂಳಬೇಕು. ಅದೂ ಅಲ್ದೆ ಹಲ್ಲು ಕೊರೆದ ಅಂಚು ಅಷ್ಟು ಪೆಟ್ಟು ತಡೆಯಲ್ಲ. ಅದಕ್ಕೆ ಪುಸ್ತಕದಲ್ಲಿ ಏನಾದ್ರೂ ಒಂದು ನಷ್ಟ ಬರೀಬೇಕು.”

“ಆಟ ಇದು ಭಾವ, ಕಾರ್ಖಾನೆ ಅಲ್ಲ,” ಎಂದ ಡ್ರೈವಿಂಗ್ ಕಲಿಸುವವನು. ಎಲ್ಲರೂ ನಕ್ಕರು. ಭಾವನೂ ನಕ್ಕ. ನಗದಿದ್ದರೆ ಇನ್ನೂ ಚಿಕ್ಕವನಾಗುತ್ತಿದ್ದ.

ಮುಂದಿನ ಭಾನುವಾರ ಕಣಿವೆಯಲ್ಲಿ ಕಲ್ಲುದೈತ್ಯ ಎದುರಾದ. ಕುಂಟ ಈಟಿಗಾರನ ಕೈಯಲ್ಲಿದ್ದುದು ಬೆಳ್ಳಿ ಈಟಿ. ಉಲ್ಕೆಯ ಈಟಿ ಕಥೆಯ ಹಿಂದಿನ ಊರಿನ ಛತ್ರದಲ್ಲಿ ಉಳಿದಿತ್ತು. ಮೇಷ್ಟ್ರಿಗೆ ಕನಿಕರ ಬಂತು. ಅಕ್ಕನ ಗಂಡ ತಾನೆ.

“ಭಾವ, ಇಂಜಿನಿಯರ್ ನಿಯಮದ ಪ್ರಕಾರ ನಿಮ್ಮ ಈಟಿಗೂ ಉಲ್ಕೆ ಮೂತಿ ಹಾಕಿಸಿದ್ರಿ ಅಂತ ಬರ್ಕೊಳ್ಳಲಾ? ಸಾರ್ ಏನೂ ಅನ್ಕೊಳ್ಳಲ್ಲ.”

“ಅಯ್ಯೋ, ಧಾರಾಳವಾಗಿ,” ಎಂದರು ಇಂಜಿನಿಯರ್.

ಒಂಬತ್ತು ವರ್ಷ ಕೇಳಿದ್ದು ಈಗ ತಟ್ಟೆಯಲ್ಲಿಟ್ಟು ಬಂದಿತ್ತು. ಹೂಂ ಎಂದರೆ ಸಾಕು, ಈಟಿಗಾರ ಬದುಕುತ್ತಿದ್ದ.

“ಬೇಡ. ಒಂದು ಆಯುಧಕ್ಕೆ ಒಂದೇ ಲೋಹ,” ಎಂದ ಭಾವ, ದಾಳ ಉರುಳಿಸಿದ.

ಬೆಳ್ಳಿ ಕಲ್ಲಿಗೆ ತಾಗಿ ಬಾಗಿತು. ಮೂರನೇ ಸುತ್ತಿಗೆ ಈಟಿಗಾರ ಸತ್ತ. ಮೇಷ್ಟ್ರು ಎರಡು ವಾಕ್ಯದಲ್ಲಿ ಅವನನ್ನು ಮುಗಿಸಿ ಮುಂದಿನವನ ಸರದಿ ಕರೆದರು. ಇಂಜಿನಿಯರರ ಕತ್ತಿ ಒಂದೇ ಏಟಿಗೆ ದೈತ್ಯನನ್ನು ಸೀಳಿತು.

ಭಾವ ಎದ್ದು ಉಳಿಯನ್ನು ಜೇಬಿಗೆ ಹಾಕಿಕೊಂಡ. ನಕ್ಷೆ, ಚೀಟಿ, ಎಲ್ಲ ಫ್ಯಾನಿನ ಗಾಳಿಗೆ ಎದ್ದು ಕೋಣೆಯ ತುಂಬ ಹಾರಿದವು.

“ಯಾರಾದ್ರೂ ಏನಾದ್ರೂ ಭಾರ ಇಡ್ರಪ್ಪ,” ಎಂಬ ಮಾತು ಮೆಟ್ಟಿಲಿಳಿಯುವಾಗ ಕೇಳಿಸಿತು. ಕೊನೆಯ ಮೆಟ್ಟಿಲಿನಲ್ಲಿ ಆತ ಸ್ವಲ್ಪ ಹೊತ್ತು ನಿಂತ. ಯಾರೂ ಕರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಭಾವ ಆ ಉಳಿಯನ್ನು ಇಕ್ಕಳಕ್ಕೆ ಸಿಕ್ಕಿಸಿ ನಿಂತಿದ್ದ. ಸೂಪರ್‌ವೈಸರ್ ದಾಟಿ ಹೋಗುತ್ತಿದ್ದವರು ನಿಂತು, ಕನ್ನಡಕ ಏರಿಸಿ, ಬೆಳ್ಳಿಯ ಗೆರೆಯ ಮೇಲೆ ಉಗುರು ಎಳೆದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ಎಷ್ಟು ಚೆನ್ನಾಗಿದೆಯಲ್ಲಯ್ಯ ಬೆಸುಗೆ. ಇಂಥದ್ದು ನಾನು ನೋಡೇ ಇಲ್ಲ. ಯಾರದು?”

ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆ ಬಂದದ್ದು ಅದೇ ಮೊದಲು.

“ಇಂಜಿನಿಯರ್ ಒಬ್ರದ್ದು ಸಾರ್,” ಎಂದ ಭಾವ. ಉರಿ ಹಚ್ಚಿ ಉಳಿಯ ಕುತ್ತಿಗೆಗೆ ಹಿಡಿದ. ಬೆಳ್ಳಿ ಕರಗಿತು. ಕಾರ್ಬೈಡ್ ಚೂರು ಕಳಚಿ ಕೆಳಗಿನ ತಟ್ಟೆಗೆ ಬಿತ್ತು.